ಎರಡೇ ದಿನದಲ್ಲಿ ಹೆಚ್ಚಿದ್ದು ಅರಳುಮರಳಲ್ಲ

ಮಾನ್ಯರೇ,

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಹಿರಿಯರು ಇದ್ದಕ್ಕಿದ್ದಂತೆ ಮನೆಯವರ ಗುರುತು ತಪ್ಪಿ, ರಾತ್ರಿಯಿಡೀ ಬಡಬಡಿಸತೊಡಗಿದರೆ ‘ಅರಳುಮರಳು ಜಾಸ್ತಿಯಾಯ್ತು’ ಎಂದು ಸುಮ್ಮನಾಗುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಇದು ಅಪಾಯದ ತಪ್ಪು. ಅಲ್‌ಝೈಮರ್‌ನಂಥ ಕಾಯಿಲೆ ಏರುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ಎರಡೇ ದಿನದಲ್ಲಿ ಏರಿದ್ದರ ಹಿಂದೆ ಸಾಮಾನ್ಯವಾಗಿ ಬೇರೇನೋ ಇರುತ್ತದೆ: ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೊಸ ಮಾತ್ರೆ. ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಬರಲೇಬೇಕೆಂದಿಲ್ಲ. ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಮಾತ್ರೆಯೂ ಬುದ್ಧಿ ಕಲಕಬಲ್ಲದು. ಮೂತ್ರ ಎಷ್ಟು ಸಲ ಆಯಿತು, ಯಾವ ಬಣ್ಣ, ಹೊಟ್ಟೆ ಕಟ್ಟಿ ಎಷ್ಟು ದಿನವಾಯಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಬದಲಾವಣೆ ಕಂಡ ದಿನವೇ ಅದನ್ನೂ ಎಲ್ಲ ಮಾತ್ರೆಗಳನ್ನೂ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಕಾರಣ ಸಿಕ್ಕಿ ಚಿಕಿತ್ಸೆಯಾದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಒಂದು ಕೈ ಸೋತರೆ, ಮಾತು ತೊದಲಿದರೆ ಮಾತ್ರ ಯಾವುದಕ್ಕೂ ಕಾಯದೆ 108ಕ್ಕೆ ಕರೆ ಮಾಡಿ.

ಇನ್ನು ಊಟ. ತೆಳು ಸಾರಿನಲ್ಲಿ ತೇಲುವ ಅನ್ನ, ತಿಳಿ ಬಿಟ್ಟ ಗಂಜಿ ನುಂಗಲು ಸುಲಭವೆಂದು ನಾವು ಭಾವಿಸುತ್ತೇವೆ. ನುಂಗುವ ಶಕ್ತಿ ಕುಂದಿದವರಿಗೆ ಅದೇ ಹೆಚ್ಚು ಕಷ್ಟ. ಅಗುಳು ಬಾಯಲ್ಲಿರುವಾಗಲೇ ನೀರು ಮುಂದೆ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಅದರಿಂದ ಕೆಮ್ಮು, ಕೊನೆಗೆ ನ್ಯುಮೋನಿಯಾ. ಗಂಜಿಯನ್ನು ಒಂದೇ ಹದಕ್ಕೆ ನುರಿದು, ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಡಿ. ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಮೀನಾದರೆ ಮುಳ್ಳು ಪೂರ್ತಿ ಬಿಡಿಸಿಯೇ ಬಡಿಸಬೇಕು.

ಶಿರಸಿ, ಸಿದ್ದಾಪುರದ ಕಡೆಯ ತೋಟದ ಮನೆಗಳಲ್ಲಿ ಮಳೆಗಾಲಕ್ಕೆ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತ, ಸುಣ್ಣ ಜಗಲಿಯ ಮೂಲೆಯಲ್ಲೇ ಇರುತ್ತವೆ. ನೀಲಿ ಹರಳನ್ನು ಕಲ್ಲುಸಕ್ಕರೆಯೆಂದು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಸಂಚಕಾರ. ಅದಕ್ಕೆ ಬೀಗ ಬೇಕು, ಬಾವಿಗೆ ಕಬ್ಬಿಣದ ಜಾಲರಿ ಬೇಕು. ಬಚ್ಚಲಿನ ಪಾಚಿಯನ್ನು ವಾರಕ್ಕೊಮ್ಮೆಯಾದರೂ ತಿಕ್ಕಿ ತೆಗೆಯಬೇಕು. ಹಿಡಿದು ಏಳಲು ಗೋಡೆಗೊಂದು ಗಟ್ಟಿ ಪೈಪು ಕೂರಿಸಬೇಕು. ಸಂಜೆ ಕತ್ತಲಾಗುವ ಮೊದಲೇ ದೀಪ ಹಚ್ಚಿ. ಸ್ವಂತ ಮನೆಯಲ್ಲೇ ಕೂತು ‘ಮನೆಗೆ ಹೋಗ್ತೆ’ ಎಂದು ಹಟ ಹಿಡಿದರೆ ವಾದ ಬೇಡ. ಜೊತೆಯಲ್ಲಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ಒಳಗೆ ಕರೆತನ್ನಿ.

ಇಷ್ಟನ್ನೂ ಹೆಚ್ಚಿನ ಮನೆಗಳಲ್ಲಿ ಒಬ್ಬ ಸೊಸೆಯೋ ಮಗಳೋ ರಜೆಯಿಲ್ಲದೆ ಮಾಡುತ್ತಿದ್ದಾಳೆ. ಕೇಂದ್ರದ ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ಅವಳ ಕೈಗೆಟುಕುವಂತಿರಲಿ. 2010-11ರಲ್ಲೇ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆ ಭೇಟಿಯೂ ಸೇರಿದೆ. ಜಿಲ್ಲಾ ಆರೋಗ್ಯ ಇಲಾಖೆ ಆ ಭೇಟಿಯನ್ನು ನಡೆದಾಡುವ ಡಿಮೆನ್ಷಿಯಾ ರೋಗಿಗಳಿಗೂ ವಿಸ್ತರಿಸಲಿ. ಈ ಮಳೆಗಾಲದಿಂದಲೇ ತಿಂಗಳಿಗೊಮ್ಮೆ ದಾದಿಯೊಬ್ಬರು ಮನೆಗೆ ಬಂದು ಆ ಕ್ಯಾಲೆಂಡರ್ ನೋಡುವಂತಾಗಲಿ.

– ಹಿರಿಯರ ಆರೈಕೆಯಲ್ಲಿರುವ ದಾದಿಯರು, ಕುಮಟಾ