ಚೀಲದ ಮೇಲೆ ಹೊಳೆಯ ಹೆಸರು ಬದಲಾಗುತ್ತಿದೆ

ಗ್ರಾಹಕ ಬಂಧುಗಳೇ,

ನಮಸ್ಕಾರ. ಮುಂದಿನ ತಿಂಗಳಿಂದ ನಮ್ಮ ಸಂಘದ ಅಕ್ಕಿ ಚೀಲದ ಮೇಲೆ ದೊಡ್ಡಕ್ಷರದಲ್ಲಿ ‘ಕಪಿಲೆ’ ಎಂದಿರುತ್ತದೆ, ಅದರ ಕೆಳಗೆ ಸಣ್ಣದಾಗಿ ಇದುವರೆಗಿನ ಹೆಸರು ‘ಕಬಿನಿ’. ಎರಡೂ ಒಂದೇ ಹೊಳೆಯ ಹೆಸರು. ಅಕ್ಕಿ ಅದೇ, ಗದ್ದೆ ಅದೇ, ಬೆಲೆಯೂ ಅದೇ.

ಕಾರಣ ಹೇಳಬೇಕು. ಕಳೆದ ಸುಗ್ಗಿಯಲ್ಲಿ ನಂಜನಗೂಡಿನ ಮಳಿಗೆಗೆ ಬಂದ ಅಜ್ಜಿಯೊಬ್ಬರು ಹತ್ತು ಕೆ.ಜಿ. ಚೀಲ ಮುಂದಿಟ್ಟುಕೊಂಡು ಅಕ್ಷರದ ಮೇಲೆ ಬೆರಳಾಡಿಸಿ ಓದಿದರು. “ಇದ್ಯಾವ ಹೊಳೆ ಅಕ್ಕಿ ಮಗಾ? ನಾವು ಮುಳುಗು ಹಾಕೋದು ಕಪಿಲೇಲಿ ಅಲ್ವಾ?” ಅಂದರು. ಆಗ ಚೀಲ ತಿರುಗಿಸಿ ನೋಡಿದರೆ, ಮುಂದೆ ಇಂಗ್ಲಿಷ್‌ನಲ್ಲಿ ‘ಸಿ’ಯಿಂದ ಶುರುವಾಗುವ ಕಾಗುಣಿತ, ಹಿಂದೆ ‘ಕೆ’ಯಿಂದ. ಅಚ್ಚಿಗೆ ಕೊಡುವಾಗ ನಾವು ತಿದ್ದಿ ನೋಡಿರಲಿಲ್ಲ. ತಪ್ಪು ನಮ್ಮದೇ.

ಆಮೇಲೆ ಕೂತು ಓದಿದೆವು. ವಯನಾಡಿನಲ್ಲಿ ಪನಮರಂ, ಮಾನಂದವಾಡಿ ಹೊಳೆಗಳು ಕೂಡಿ ಹರಿಯುವ ಈ ನದಿಗೆ ಅಲ್ಲಿನವರು ಕಬನಿ ಅನ್ನುತ್ತಾರೆ. ಗಡಿ ದಾಟಿ ಎಚ್.ಡಿ. ಕೋಟೆಗೆ ಬಂದರೆ ‘ಬ’ಕ್ಕೆ ಗುಡಿಸು ಸೇರಿ ಕಬಿನಿ. ನಂಜುಂಡೇಶ್ವರನ ಸ್ನಾನಘಟ್ಟದಲ್ಲಿ ಸಂಕಲ್ಪ ಮಾಡುವಾಗ ಕಪಿಲಾ, ಮನೆಮಾತಿನಲ್ಲಿ ಕಪಿಲೆ. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿ ಒತ್ತಕ್ಷರದ ‘ಕಬ್ಬನಿ’; ಪಕ್ಕದಲ್ಲೇ ಕಬನಿ, ಕಪಿನಿ, ಕಪಿಲಾ ಎಂಬ ರೂಪಗಳೂ ಇವೆ. ನಮಗೆ ತುಂಬ ಹಿಡಿಸಿದ್ದು ಆ ‘ಕಪಿನಿ’. ಅರ್ಧ ಕಪಿಲೆ, ಅರ್ಧ ಕಬಿನಿ. ‘ಪ’ ಹೋಗಿ ‘ಬ’, ‘ಲ’ ಹೋಗಿ ‘ನ’ ಆಗುವಾಗ ನಾಲಿಗೆ ಹೊರಳುವ ತಿರುವು ಅಲ್ಲೇ ಕಾಣುತ್ತದೆ.

ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟೆಯ ಹೆಸರು ಕಬಿನಿ. ನಾಲೆಯ ಬೋರ್ಡಿನಲ್ಲೂ ಅದೇ. ನಾಲೆ ನೀರಲ್ಲಿ ಭತ್ತ ಬೆಳೆದ ನಮಗೆ ಅದು ಅನ್ನ ಕೊಟ್ಟ ಹೆಸರು, ಅಳಿಸಲು ಮನಸ್ಸು ಬರಲಿಲ್ಲ. ಹಾಗಾಗಿ ಎರಡನ್ನೂ ಉಳಿಸಿಕೊಂಡೆವು. ಇಂಗ್ಲಿಷ್‌ನಲ್ಲಿ ಮಾತ್ರ ಇನ್ನು ಒಂದೇ ಕಾಗುಣಿತ, ‘ಕೆ’ಯಿಂದ. ಈ ಗೋಜಲು ತಿರುಮಕೂಡಲಿನಲ್ಲಿ ನಮ್ಮ ಹೊಳೆ ಸೇರುವ ಕಾವೇರಿಗೂ ಇದೆ: ಕವಿರಾಜಮಾರ್ಗದ ಕಾಲದಿಂದ ಕನ್ನಡದಲ್ಲಿ ಕಾವೇರಿ ಕಾವೇರಿಯೇ, ಇಂಗ್ಲಿಷ್‌ನಲ್ಲಿ ಮಾತ್ರ ಬ್ರಿಟಿಷರ ‘ಸಿ’ 1990ರ ಕಾವೇರಿ ಜಲವಿವಾದ ನ್ಯಾಯಮಂಡಳಿಯ ಹೆಸರಿನಲ್ಲೂ ಕೂತಿದೆ.

ಹಳೆಯ ಚೀಲಗಳು ಖಾಲಿಯಾಗುವವರೆಗೆ ಅಂಗಡಿಯಲ್ಲಿ ಎರಡೂ ಬಗೆ ಕಾಣುತ್ತವೆ. ನಕಲಿ ಎಂದು ಅನುಮಾನ ಬೇಡ. ಎರಡರಲ್ಲೂ ಸಂಘದ ಮುದ್ರೆ ಇರುತ್ತದೆ, ಅದನ್ನು ನೋಡಿ ಕೊಳ್ಳಿ. ಹೊಸ ಚೀಲದ ಮಾದರಿಯಲ್ಲಿ ‘ಕಪಿಲಾ’ ಎಂದು ಬರೆಸಿದ್ದೆವು. ಅಜ್ಜಿಗೆ ತೋರಿಸಿದಾಗ “ನಾವು ಕರೆಯೋ ಹಂಗೇ ಹಾಕ್ರಪ್ಪಾ” ಅಂದರು. ಅದಕ್ಕೇ ‘ಕಪಿಲೆ’.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಭತ್ತ ಬೆಳೆಗಾರರ ಸಂಘ
ನಂಜನಗೂಡು