ಬ್ರೂಸ್‌ಪೇಟೆ ಮನೆ ಮಾರುವ ಮುಂಚೆ

ತಮ್ಮಾ,

ನಿನ್ನ ಮೆಸೇಜ್ ನೋಡಿದೆ. ಓಣಿಯೊಳಗೆ ಕಾರು ಬರುವುದಿಲ್ಲ, ಬ್ರೂಸ್‌ಪೇಟೆ ಮನೆ ಮಾರಿ ಊರ ಹೊರಗೆ ಸೈಟು ಹಿಡಿದರೆ ನಾಲ್ಕು ವರ್ಷಕ್ಕೆ ಡಬಲ್ ಅಂದಿದ್ದೀಯ. ಕಾರಿನ ಮಾತು ನಿಜ. ಡಬಲ್ ಮಾತನ್ನು ನಾನು 2009ರಲ್ಲೇ ಕೇಳಿದ್ದೆ.

ಆಗ ಅದಿರಿನ ಕಾಲ, ಲಾರಿ ಇದ್ದವನೇ ರಾಜ. ನಾನೂ ಸಾಲ ಮಾಡಿ ಒಂದು ಸೈಟು ಹಿಡಿದೆ. ಲೇಔಟಿಗೆ ಮಂಜೂರಾತಿ ಬಂದಿದೆ ಅಂತ ಮಾರಿದವನು ಹೇಳಿದ, ಕಾಗದ ನೋಡದೆ ನಂಬಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಸೈಟು ಕೇಳುವವರೂ ನಿಂತರು. ಅಲ್ಲಿ ಈಗಲೂ ಬರೀ ಜಾಲಿ. ಆ ದಾರಿಯಲ್ಲಿ ಹೋದರೆ ನಿಮ್ಮ ದೊಡ್ಡಮ್ಮ ಮುಖ ಆಚೆ ತಿರುಗಿಸುತ್ತಾಳೆ.

ಕೋಟೆ ಗುಡ್ಡದ ಕಥೆ ಗೊತ್ತಲ್ವಾ? ಹೈದರಾಲಿ ಫ್ರೆಂಚ್ ಇಂಜಿನಿಯರ್ ಕೈಲಿ ಕೆಳಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಎತ್ತರ, ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯುವುದಿಲ್ಲ. ಅದಕ್ಕೇ ಇಂಜಿನಿಯರನ್ನು ನೇಣು ಹಾಕಿಸಿದ ಅಂತ ಊರಲ್ಲಿ ಹೇಳುತ್ತಾರೆ. ನನ್ನನ್ನು ಯಾರೂ ನೇಣು ಹಾಕಲಿಲ್ಲ, ಬಡ್ಡಿ ಕಟ್ಟಿದೆ ಅಷ್ಟೆ.

ನಮ್ಮ ಪೇಟೆ ಹೇಗೆ ಹುಟ್ಟಿತು ಅಂತ ಸ್ವಲ್ಪ ಯೋಚನೆ ಮಾಡು. 1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ, ಅದಕ್ಕೇ ದತ್ತ ಮಂಡಲ ಅನ್ನುತ್ತಿದ್ದರು. ಬಳ್ಳಾರಿಗೆ ದಂಡು ಬಂತು. ದಂಡಿನ ಹಿಂದೆ ಕಿರಾಣಿಯವರು, ಬಟ್ಟೆಯವರು, ದರ್ಜಿಗಳು. ಕೌಲು ಅಂದರೆ ಕರಾರು, ಹಾಗೆ ಕರಾರಿನ ಮೇಲೆ ವ್ಯಾಪಾರಿಗಳನ್ನು ಕೂರಿಸಿದ ಜಾಗವೇ ಕೌಲ್ ಬಜಾರ್. ಬ್ರೂಸ್‌ಪೇಟೆ, ಮಿಲ್ಲರ್‌ಪೇಟೆ ಅನ್ನುವ ಹೆಸರುಗಳೂ ಆ ಇಂಗ್ಲಿಷರ ಕಾಲದವೇ. ಆಮೇಲೆ ಗುಂತಕಲ್ ಕಡೆಯಿಂದ ರೈಲು ಬಂತು, ಹತ್ತಿ ವ್ಯಾಪಾರ ಜೋರಾಯಿತು. ಒಂದು ಕಾಲಕ್ಕೆ ದಂಡು ಹೋಯಿತು, ಹತ್ತಿಯ ಜೋರೂ ಇಳಿಯಿತು. ಪೇಟೆ ಮಾತ್ರ ಖಾಲಿಯಾಗಲಿಲ್ಲ ನೋಡು. ಸಿಪಾಯಿಗಳ ಬಟ್ಟೆ ಹೊಲಿದವರ ಕಸುಬೇ ಮುಂದೆ ಜೀನ್ಸ್ ಆಯಿತು ಅಂತ ಹಳಬರು ಹೇಳುತ್ತಾರೆ. ಇವತ್ತು ಬಳ್ಳಾರಿ ಜೀನ್ಸ್ ಬೇರೆ ರಾಜ್ಯಗಳಿಗೂ ಹೋಗುತ್ತದೆ. ಒಂದು ಪ್ಯಾಂಟು ಕತ್ತರಿಸುವವನ ಕೈಯಿಂದ ಹೊಲಿಯುವವನಿಗೆ, ಅಲ್ಲಿಂದ ಒಗೆಯುವವನಿಗೆ, ಗುಂಡಿ ಹಾಕುವವನಿಗೆ ದಿನಾ ಓಡಾಡಬೇಕು. ಇವರೆಲ್ಲ ಹತ್ತಿರ ಹತ್ತಿರ ಇದ್ದರೇ ವ್ಯಾಪಾರ. ನಮ್ಮ ಮುಂದಿನ ಕೋಣೆಯನ್ನು ಗೋಡೌನಿಗೆ ಕೇಳುತ್ತಿರುವವರು ಸುಮ್ನೆ ಕೇಳುತ್ತಿಲ್ಲ.

ಹಳೇ ಮನೆ ಚಿನ್ನ ಅಂತ ನಾನು ಹೇಳುತ್ತಿಲ್ಲ. ಮಳೆ ಬಂದರೆ ಚರಂಡಿ ನೀರು ಹೊಸ್ತಿಲಿಗೆ ಬರುತ್ತದೆ, ಏಪ್ರಿಲ್‌ನಲ್ಲಿ ಮಾಳಿಗೆ ಮೇಲಿನ ಕೋಣೆ ಒಲೆಯಂತೆ ಕಾಯುತ್ತದೆ. ರಸ್ತೆ ಅಗಲ ಮಾಡಿದರೆ ಕಟ್ಟೆ ಹೋಗಬಹುದು, ಅದನ್ನು ಪಾಲಿಕೆಯಲ್ಲಿ ಮೊದಲೇ ವಿಚಾರಿಸು. ಮಾರಲೇಬೇಕು ಅನಿಸಿದರೆ ಮಾರು, ನಾನು ಅಡ್ಡ ಬರುವುದಿಲ್ಲ. ಆದರೆ ಒಂದು ವರ್ಷ ಮುಂದಿನ ಕೋಣೆ ಬಾಡಿಗೆಗೆ ಕೊಟ್ಟು ನೋಡು, ದಲ್ಲಾಳಿ ಕೈಲಿ ಟೋಕನ್ ಹಣ ಮಾತ್ರ ಈಗಲೇ ಹಿಡಿಯಬೇಡ. ನಿಮ್ಮ ಅತ್ತೆಯ ಪಾಲೂ ಇದೆ. ಅವಳ ಸಹಿ ಇಲ್ಲದೆ ಏನೂ ಆಗುವುದಿಲ್ಲ, ಕೇಳದೆ ಹೋದರೆ ಅವಳು ಬಿಡುವವಳೂ ಅಲ್ಲ.

ಇನ್ನೊಂದು ವಿಷಯ. ಮನೆಯ ಮೂಲ ಪತ್ರ ತೆಲುಗಿನಲ್ಲಿದೆ. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಆ ದಿನ ಬಳ್ಳಾರಿ ಮೈಸೂರಿಗೆ ಸೇರಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಿಮ್ಮ ಅಜ್ಜ ಮನೆ ತಗೊಂಡದ್ದು ಅದಕ್ಕೂ ಮುಂಚೆ. ಪತ್ರದಲ್ಲಿ ಹಿಂದಿನ ಗೋಡೆಯ ಅಳತೆ ಏನಿದೆ ಅಂತ ನಾನೂ ಸರಿಯಾಗಿ ಓದಿಸಿಲ್ಲ, ಪಕ್ಕದ ಮನೆಯವರು ಆ ಗೋಡೆ ತಮ್ಮದು ಅನ್ನುತ್ತಾರೆ.

ಟ್ರಂಕಿನ ಕೀಲಿ ನನ್ನ ಹತ್ತಿರ ಇದೆ. ಭಾನುವಾರ ತೆಲುಗು ಓದಲು ಬರುವ ಯಾರನ್ನಾದರೂ ಕರೆದುಕೊಂಡು ಬಾ. ಬಿಸಿಲೇರುವ ಮುಂಚೆ ಬಾ, ಒಗ್ಗರಣೆ ಮಿರ್ಚಿ ತರಿಸಿರುತ್ತೇನೆ.

ನಿಮ್ಮ ದೊಡ್ಡಪ್ಪ