ಗ್ರ್ಯಾಮಿ ಪಟ್ಟಿ ನೋಡಿದ ಮೇಲೆ ನಿನಗೊಂದು ಪತ್ರ

ಬಾಗಲಕೋಟೆ
ಫೆಬ್ರುವರಿ 2025

ಪ್ರೀತಿಯ ದೋಸ್ತ,

"ಗ್ರ್ಯಾಮಿ ಯಾರ್ಯಾರಿಗೆ ಬಂತು, ನೋಡಿದೆಯೇನು?" ಅಂತ ನೀನು ಮೆಸೇಜ್ ಹಾಕಿದ್ದೆ. ನೋಡಿದೆ. ಅಮೆರಿಕದ ಆ ಸಂಗೀತ ಪ್ರಶಸ್ತಿಗಳ ಪಟ್ಟಿಗಾಗಿ ಸೋಮವಾರ ಬೆಳಗ್ಗೆ ಚಹಾ ಕುಡಿಯುವ ಮೊದಲೇ ಮೊಬೈಲ್ ಹಿಡಿದು ಕೂತಿದ್ದೆ. ಅಲ್ಲೇ ಉತ್ತರ ಬರೆಯಲು ಹೋದರೆ ಮಾತು ಮುಗಿಯಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ನಿನಗೆ ಬೇಕಾದ ಸುದ್ದಿ. ರ್‍ಯಾಪ್ ಹಾಡುಗಾರ ಕೆಂಡ್ರಿಕ್ ಲಾಮಾರ್‌ಗೆ ಒಂದೇ ಹಾಡಿಗೆ ಐದು ಪ್ರಶಸ್ತಿ. ವರ್ಷದ ಆಲ್ಬಮ್ ಬಿಯಾನ್ಸೆಯದು. ಅಮೆರಿಕದ ಹಳ್ಳಿಗಾಡಿನ ಶೈಲಿಯ 'ಕಂಟ್ರಿ' ಆಲ್ಬಮ್ ಕೂಡ ಅವಳದೇ. ಆ ವಿಭಾಗದಲ್ಲಿ ಕಪ್ಪು ಕಲಾವಿದರೊಬ್ಬರು ಗೆದ್ದಿದ್ದು ಇದೇ ಮೊದಲು. ರ್‍ಯಾಪ್ ಆಲ್ಬಮ್ ಡೋಚಿಗೆ, ಪಾಪ್ ಆಲ್ಬಮ್ ಸಬ್ರಿನಾ ಕಾರ್ಪೆಂಟರ್‌ಗೆ. ಹೊಸ ಕಲಾವಿದೆ ಅಂತ ಗೆದ್ದದ್ದು ಚಾಪೆಲ್ ರೋನ್. ಅವಳು ಪ್ರಶಸ್ತಿ ಹಿಡಿದು ಆಡಿದ ಮಾತು ನೀನೂ ಕೇಳಬೇಕು. ಕಲಾವಿದರಿಂದ ಅಷ್ಟೊಂದು ಹಣ ಗಳಿಸುವ ಕಂಪನಿಗಳು ಹೊಸ ಹಾಡುಗಾರರಿಗೆ ಹೊಟ್ಟೆ ತುಂಬುವಷ್ಟು ಸಂಬಳ ಕೊಡಲಿ, ಆರೋಗ್ಯ ವಿಮೆ ಕೊಡಲಿ ಅಂದಳು. ನನಗೆ ಆಗ ನೆನಪಾದದ್ದು ನಮ್ಮ ಓಣಿಯ ಕಾಕಾ. ಹಗಲು ಹಮಾಲಿ, ರಾತ್ರಿ ದೇವಿಯ ಗೋಂಧಳದಲ್ಲಿ ಸಂಬಾಳ ವಾದ್ಯ. ನಲವತ್ತು ವರ್ಷದಿಂದ ಹೀಗೇ.

ನಮ್ಮವರ ಸುದ್ದಿಯೂ ಇದೆ. ಚೆನ್ನೈ ಮೂಲದ ಚಂದ್ರಿಕಾ ಟಂಡನ್ ಅವರ 'ತ್ರಿವೇಣಿ'ಗೆ ಧ್ಯಾನ, ಮಂತ್ರದ ಬಗೆಯ ಸಂಗೀತಕ್ಕಿರುವ ನ್ಯೂ ಏಜ್ ವಿಭಾಗದ ಪ್ರಶಸ್ತಿ ಬಂತು. ಮಂತ್ರಗಳ ಆಲ್ಬಮ್ ಅದು. ಕೊಳಲು ದಕ್ಷಿಣ ಆಫ್ರಿಕಾದ ವೌಟರ್ ಕೆಲ್ಲರ್‌ಮನ್ ಅವರದು. 2015ರಲ್ಲಿ ಬೆಂಗಳೂರಿನ ರಿಕ್ಕಿ ಕೇಜ್ ಜೊತೆ ಗ್ರ್ಯಾಮಿ ಗೆದ್ದವರು ಅವರೇ. ಈ ಸಲ ಅದೇ ವಿಭಾಗದಲ್ಲಿ ರಿಕ್ಕಿ ಕೇಜ್ ಕೂಡ ಕಣದಲ್ಲಿದ್ದರು, ಸಿಗಲಿಲ್ಲ. ಮೂರು ಗ್ರ್ಯಾಮಿ ಮೊದಲೇ ಮನೆಯಲ್ಲಿವೆ, ಬಿಡು.

ಒಂದು ವಿಷಯಕ್ಕೆ ಮಾತ್ರ ಬಹಳ ಸಂಕಟ ಆಯ್ತು. ಹೋದ ವರ್ಷ ಒಂದೇ ರಾತ್ರಿ ಮೂರು ಗ್ರ್ಯಾಮಿ ಗೆದ್ದ ಜಾಕಿರ್ ಹುಸೇನ್ ಡಿಸೆಂಬರ್ 15ಕ್ಕೆ ತೀರಿಕೊಂಡರು. ಈ ಸಲ ಅಗಲಿದವರನ್ನು ವೇದಿಕೆಯಲ್ಲಿ ನೆನೆಯುವಾಗ ಅವರ ಹೆಸರೇ ಬರಲಿಲ್ಲ. ಆ ಬೆರಳುಗಳನ್ನು ಎರಡು ತಿಂಗಳಲ್ಲೇ ಮರೆಯಬಹುದಾ?

ಇನ್ನು ನಿಜವಾಗಿ ಹೇಳಬೇಕಾದ ಮಾತು. ಪಟ್ಟಿ ಓದುತ್ತಾ ಹೋದಂತೆ ಗೆದ್ದವರಿಗಿಂತ ವಿಭಾಗಗಳ ಹೆಸರೇ ನನ್ನನ್ನು ಹಿಡಿದು ಕೂರಿಸಿತು. 1959ರಲ್ಲಿ ಶುರುವಾದಾಗ ಇದ್ದದ್ದು 28. ಈ 2025ರಲ್ಲಿ 94. ಜಾಜ್ ಒಂದರಲ್ಲೇ ಎಷ್ಟು ಬಗೆ! ಮೊದಲು ಅಮೆರಿಕದ ಹೊರಗಿನ ಎಷ್ಟೋ ಬಗೆಯ ಸಂಗೀತ 'ವರ್ಲ್ಡ್ ಮ್ಯೂಸಿಕ್' ಅನ್ನೋ ಒಂದೇ ಚೀಲದಲ್ಲಿತ್ತು. 2020ರಲ್ಲಿ ಅದರ ಹೆಸರನ್ನು 'ಗ್ಲೋಬಲ್' ಅಂತ ಬದಲಿಸಿದರು. 2024ರಿಂದ ಆಫ್ರಿಕಾದ ಹಾಡಿಗೆ ಬೇರೆಯೇ ಪ್ರಶಸ್ತಿ. ಮೊದಲ ಸಲ ಟೈಲಾ ಗೆದ್ದಳು, ಈ ಸಲ ಟೆಮ್ಸ್.

ಅಲ್ಲಿ ಉಲ್ಟಾ ಆದದ್ದೂ ಉಂಟು. 2011ರಲ್ಲಿ 109 ವಿಭಾಗಗಳನ್ನು 78ಕ್ಕೆ ಇಳಿಸಿದರು. ಹವಾಯಿ ದ್ವೀಪದ ಹಾಡು, ಲೂಯಿಸಿಯಾನಾದ ಹಾಡು, ಅಮೆರಿಕದ ಮೂಲನಿವಾಸಿಗಳ ಹಾಡು, ಎಲ್ಲವನ್ನೂ ಒಂದೇ ವಿಭಾಗಕ್ಕೆ ತುಂಬಿದರು. ಲ್ಯಾಟಿನ್ ಜಾಜ್ ಅಂತೂ ತೆಗೆದೇ ಹಾಕಿದರು. ಆ ಕಲಾವಿದರು ಸುಮ್ನೆ ಕೂರಲಿಲ್ಲ, ಕೋರ್ಟಿಗೂ ಹೋದರು. ಮರುವರ್ಷವೇ ಲ್ಯಾಟಿನ್ ಜಾಜ್ ಮರಳಿ ಪಟ್ಟಿಗೆ ಬಂತು.

ಇದನ್ನು ಓದುವಾಗ ಹೋದ ದಸರಾದ ಆ ಸ್ಪರ್ಧೆ ಕಣ್ಮುಂದೆ ಬಂತು. ನಿನಗೆ ಹೇಳಿರಲಿಲ್ಲ. ಹತ್ತಿರದ ಊರಲ್ಲಿ ಒಂದು ಸಂಘದವರು ಹಾಡಿನ ಸ್ಪರ್ಧೆ ಇಟ್ಟಿದ್ದರು. ಭಾವಗೀತೆಗೆ ಒಂದು ಬಹುಮಾನ, ಚಿತ್ರಗೀತೆಗೆ ಒಂದು, ಕರೋಕೆಗೆ ಬೇರೆ ಒಂದು. ಉಳಿದದ್ದೆಲ್ಲ 'ಜಾನಪದ'. ಕಾಕಾನ ಗೋಂಧಳಿ, ಸವದತ್ತಿ ಕಡೆಯಿಂದ ಬಂದ ಯಲ್ಲಮ್ಮನ ಚೌಡಿಕೆ ಪದದವರು, ಗೀಗೀ ಮೇಳ, ಕರಡಿ ಮಜಲಿನ ವಾದ್ಯದವರು, ಡಿಜೆ ಟ್ರ್ಯಾಕಿಗೆ ಹಾಡುವ ಹುಡುಗರು, ಎಲ್ಲರಿಗೂ ಒಂದೇ ಬಹುಮಾನ. ಒಬ್ಬೊಬ್ಬರಿಗೆ ಐದು ನಿಮಿಷ.

ಗೋಂಧಳ ಅಂದರೆ ಏನಂತ ನಿನಗೆ ಗೊತ್ತಲ್ಲ. ನಿಮ್ಮಕ್ಕನ ಮದುವೆಯಾದ ಮೇಲೆ ಹಾಕಿಸಿದ್ದಿರಿ. ದೀವಟಿಗೆ ಹಚ್ಚಬೇಕು, ಊರೂರ ದೇವರನ್ನು ಹೆಸರು ಹಿಡಿದು ಕರೆಯಬೇಕು, ಅಂಬಾಭವಾನಿಯ ಕತೆ ಎತ್ತಬೇಕು. ಸಂಬಾಳ, ಒಂದು ತಂತಿಯ ತುಂತುಣಿ, ತಾಳ ಮೂರೂ ಕೂಡಿ ಏರುತ್ತಾ ಹೋಗಿ ಬೆಳಗಿನ ಜಾವಕ್ಕೆ ಇಳಿಯಬೇಕು. ಐದು ನಿಮಿಷಕ್ಕೆ ಗಂಟೆ ಬಾರಿಸಿದಾಗ ಕಾಕಾ ಸಂಬಾಳದ ಕೋಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಬಸ್ಸಿನಲ್ಲಿ ಬರುವಾಗ ನನಗೆ ಹೇಳಿದ್ದು ಇಷ್ಟೇ: "ತಮ್ಮಾ, ದೇವಿನ ಕರಿಯೂದ್ರಾಗ ಐದ್ ನಿಮಿಷ ಮುಗದ ಹೋತು. ಕತಿ ಯಾವಾಗ ಹೇಳ್ಲಿ?"

ಡಿಜೆ ಹುಡುಗರಿಗೆ ಬಹುಮಾನ ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಚೆನ್ನಾಗಿಯೇ ಹಾಡಿದರು. ಅವರಿಗೂ ಬೇರೆ ಬಹುಮಾನ ಇರಲಿ ಅಂತಲೇ ನಾನು ಹೇಳೋದು. ಗೀಗೀಯವರು ಹರದೇಶಿ–ನಾಗೇಶಿ ಅಂತ ಎರಡು ಪಕ್ಷವಾಗಿ ವಾದಕ್ಕೆ ಕೂತರೆ ಸವಾಲು ಜವಾಬು ನೋಡಿ ತೂಗಬೇಕು. ಕರಡಿ ಮಜಲಿನಲ್ಲಿ ಹಾಡೇ ಇಲ್ಲ, ಕೈಚಳಕವೇ ಎಲ್ಲ. ಒಂದೇ ಅಳತೆಗೋಲು ಹಿಡಿದು ಇದನ್ನೆಲ್ಲ ಅಳೆಯೋದು ಹೇಗೆ?

ಬೇರೆ ಮಾಡಿದರೆ ಏನಾಗುತ್ತೆ ಅಂತ ನಮ್ಮೂರಲ್ಲೇ ನೋಡಬಹುದು. ಯಕ್ಷಗಾನ, ಬಯಲಾಟ ಎರಡಕ್ಕೂ ಮೊದಲು ಒಂದೇ ಅಕಾಡೆಮಿ ಇತ್ತು. ಬೇರೆ ಮಾಡಿದ ಮೇಲೆ ಬಯಲಾಟ ಅಕಾಡೆಮಿ ನಮ್ಮ ಬಾಗಲಕೋಟೆಗೇ ಬಂತು. ದೊಡ್ಡಾಟ, ಸಣ್ಣಾಟ, ಪಾರಿಜಾತದಂಥ ಬಯಲಾಟ ಆಡುವವರಿಗೆ ಹೋಗಿ ನಿಲ್ಲಲು ಒಂದು ಬಾಗಿಲಾಯ್ತು.

ಗ್ರ್ಯಾಮಿಗೆ ಒಂದು ವಾರ ಮೊದಲು ಪದ್ಮ ಪ್ರಶಸ್ತಿ ಪಟ್ಟಿ ಬಂತಲ್ಲ, ಅದನ್ನು ನೋಡಿದೆಯಾ? ಪದ್ಮಶ್ರೀ ಪಟ್ಟಿಯಲ್ಲಿ ರಿಕ್ಕಿ ಕೇಜ್ ಇದ್ದಾರೆ. ಅದೇ ಪಟ್ಟಿಯಲ್ಲಿ ನಮ್ಮ ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ ಇದ್ದಾರೆ! ಸಾವಿರಕ್ಕೂ ಹೆಚ್ಚು ಗೋಂಧಳಿ ಹಾಡು ಹಾಡಿದವರು, ನೂರಾರು ಜನರಿಗೆ ಫೀ ಇಲ್ಲದೆ ಕಲಿಸಿದವರು. ಆ ಸುದ್ದಿ ಬಂದ ದಿನ ಕಾಕಾ ಓಣಿಗೆಲ್ಲ ಪೇಢೆ ಹಂಚಿದ. "ನಮ್ಮ ಹಾಡಿಗೆ ಬಂತು, ನಮ್ಮ ಹಾಡಿಗೆ ಬಂತು" ಅಂತ ಮನೆ ಮನೆಗೆ ಹೇಳಿಕೊಂಡು ಬಂದ. ಜಾನಪದಕ್ಕೆ ಬಂತು ಅನ್ನಲಿಲ್ಲ ನೋಡು.

ಇನ್ನೊಂದು ಮಾತು, ಇದು ನಿನ್ನ ರೆಕಾರ್ಡಿಂಗ್ ಕೆಲಸಕ್ಕೇ ಸಂಬಂಧಪಟ್ಟದ್ದು. ಗ್ರ್ಯಾಮಿ ಕೊಡೋದು ರೆಕಾರ್ಡ್ ಆದ ಸಂಗೀತಕ್ಕೆ. ಹೆಸರೇ ಗ್ರಾಮಫೋನಿನಿಂದ ಬಂದದ್ದು. ರೆಕಾರ್ಡ್ ಆಗದ ಹಾಡು ಎಷ್ಟೇ ದೊಡ್ಡದಿದ್ದರೂ ಅಲ್ಲಿ ಲೆಕ್ಕಕ್ಕಿಲ್ಲ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದ ದನಿ ನನ್ನ ಮೊಬೈಲಿನಲ್ಲಿ ಇವತ್ತಿಗೂ ಸಿಗುತ್ತೆ. ಕಾಕಾನ ದನಿ ಬೇಕೆಂದರೆ ನನ್ನ ಹತ್ತಿರ ಇರೋದು ಮದುವೆ ವಿಡಿಯೋದ ಎರಡು ನಿಮಿಷ. ಅದರಲ್ಲೂ ಅರ್ಧ ಜನರೇಟರ್ ಸದ್ದು. ಅವನಿಗೆ ಈಗ ದಮ್ಮು ಸಾಲುತ್ತಿಲ್ಲ. ಹೋದ ತಿಂಗಳು ಕತೆಯ ನಡುವೆ ಎರಡು ಸಲ ಕೂತ.

ಆ ಸಂಘದವರಿಗೆ ಮುಂದಿನ ಸ್ಪರ್ಧೆಗೆ ಆರು ವಿಭಾಗ ಮಾಡಿ ಅಂತ ಬರೆದು ಕೊಟ್ಟಿದ್ದೇನೆ. ಗೋಂಧಳಕ್ಕೆ ಒಂದು ತಾಸು ಕೇಳಿದ್ದೇನೆ. ಓದಿ ನೋಡುತ್ತೇವೆ ಅಂದಿದ್ದಾರೆ. ಒಪ್ಪುವವರೆಗೂ ನಾನು ಬಿಡೋದಿಲ್ಲ.

ಹೋಳಿಗೆ ನೀನು ಬಂದೇ ಬರ್ತೀಯಲ್ಲ. ಹಲಗಿ ಮಜಲು ತಪ್ಪಿಸಿಕೊಂಡವನಲ್ಲ ನೀನು. ಈ ಸಲ ಎರಡು ದಿನ ಮೊದಲೇ ಬಾ. ನಿನ್ನ ಸ್ಟುಡಿಯೋದ ಒಳ್ಳೆಯ ಮೈಕು ಎರಡು, ರೆಕಾರ್ಡರ್ ಒಂದು ತಗೊಂಡು ಬಾ. ಸಂಬಾಳಕ್ಕೆ ಬೇರೆ ಮೈಕು ಬೇಕಾಗುತ್ತೆ, ಇಲ್ಲಾಂದ್ರೆ ತುಂತುಣಿ ಕೇಳೋದೇ ಇಲ್ಲ. ಕಾಕಾನ ಹತ್ತಿರ ಮಾತಾಡಿದ್ದೇನೆ. ಗುಡಿಯ ಹಿಂದಿನ ಕಟ್ಟೆಯ ಮೇಲೆ, ರಾತ್ರಿ ಹತ್ತಕ್ಕೆ ದೀವಟಿಗೆ ಹಚ್ಚುತ್ತಾನಂತೆ. ಯಾರೂ ಗಂಟೆ ಬಾರಿಸೋದಿಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ.

ನಿನ್ನ ದಾರಿ ಕಾಯುವ,
ದೋಸ್ತ